‘ಚೋಮನ ದುಡಿ’ಯಲ್ಲಿ ಅಸಮತೆಯ ಕಾರಣವಿಚಾರ

ಒಂದು ಕರುಣಕಥೆಯನ್ನು ಓದಿ ಕಣ್ಣೀರು ಸುರಿಸುವುದು ಸುಲಭವಾದ ಕಾರ್ಯ. ಆ ಕಣ್ಣೀರಿಗೆ ಕಾರಣವಾವುದೆಂದು ವಿಚಾರಿಸುವುದು ಅಷ್ಟು ಸುಲಭವಲ್ಲ. ಶ್ರೀ ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’ಯು 1933ರಲ್ಲಿ ಬೆಳಕಿಗೆ ಬಂದಿತು. ಅಂದಿನಿಂದ ತೊಂಬತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ವಾಚಕರು ಈ ಸಣ್ಣ ಕಾದಂಬರಿಯನ್ನು ಓದುತ್ತಲೇ ಇದ್ದಾರೆ. 1975ರಲ್ಲಿ ಶ್ರೀ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿ ರಾಷ್ಟ್ರದ ಸ್ವರ್ಣಕಮಲವನ್ನೂ ಪಡೆಯಿತು. ಇಷ್ಟಾದರೂ ಈ ಗ್ರಂಥವನ್ನು ಕುರಿತು ಆಡುವ ಮಾತುಗಳಲ್ಲಿ ಹೆಚ್ಚಿನವು ಕರುಣರಸದ ಪ್ರಶಂಸೆಯಲ್ಲಿಯೇ ಮುಗಿದುಹೋಗುವುವು. ಚೋಮನ ಗತಿ ಹೀಗೇಕಾಯಿತು ಎಂಬ ಪ್ರಶ್ನೆಗೆ ಕಾದಂಬರಿಯು ಏನು ಉತ್ತರವನ್ನು ಕೊಡುತ್ತದೆ ಎಂಬುದನ್ನು ನಿಂತು ನೋಡುವವರು ಕಡಿಮೆ. ಮನುಷ್ಯ ಮನುಷ್ಯರ ನಡುವಣ ಅಂತರಕ್ಕೆ ಕಾರಣವೇನೆಂದು ಇಂದಿನ ಸಮಾಜವು ಹಲವು ಬಗೆಯಾಗಿ ಚರ್ಚಿಸುತ್ತಿರುವಾಗ, ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಗ್ರಂಥವನ್ನು ಮತ್ತೊಮ್ಮೆ ಪರಾಮರ್ಶಿಸುವುದು ಅನುಚಿತವಾಗಲಾರದು.

ಕಥೆಯು ಎಲ್ಲರಿಗೂ ತಿಳಿದುದೇ. ಭೋಗನಹಳ್ಳಿಯ ಸಂಕಪ್ಪಯ್ಯನ ಮೂಲದಾಳು ಚೋಮ. ಜಾತಿಯಿಂದ ಹೊಲೆಯ, ಅಂದರೆ ಅಂದಿನ ಸಮಾಜವು ಅಸ್ಪೃಶ್ಯನೆಂದು ದೂರವಿಟ್ಟವನು. ನಾಲ್ವರು ಗಂಡುಮಕ್ಕಳು, ಒಬ್ಬಳು ಮಗಳು. ಅವನ ಬಳಿ ಒಂದು ಜೊತೆ ಎತ್ತುಗಳುಂಟು; ಉಳುವುದಕ್ಕೆ ಅಂಗೈಯಗಲ ನೆಲವಿಲ್ಲ. ತಾನೂ ಒಬ್ಬ ಬೇಸಾಯಗಾರನಾಗಬೇಕೆಂಬ ಒಂದೇ ಒಂದು ಆಸೆ ಅವನನ್ನು ಬದುಕಿನುದ್ದಕ್ಕೂ ನಡೆಸುತ್ತದೆ. ಸುಖವಾದಾಗಲೂ ದುಃಖವಾದಾಗಲೂ ಅವನು ದುಡಿಯನ್ನು ಬಾರಿಸುವನು. ಘಟ್ಟದ ಕಾಫಿತೋಟದಲ್ಲಿ ಮಾಡಿದ ಸಾಲವನ್ನು ತೀರಿಸಲು ಮಕ್ಕಳು ಅಲ್ಲಿಗೆ ಹೋಗಬೇಕಾಗುವುದು. ಒಬ್ಬನು ಜ್ವರ ಹತ್ತಿಸಿಕೊಂಡು ಬಂದು ಸಾಯುವನು. ಒಬ್ಬನು ಅಲ್ಲಿಯೇ ನಿಂತು ಕ್ರೈಸ್ತನಾಗುವನು. ಮಗಳು ಬೆಳ್ಳಿಯು ತೋಟಕ್ಕೆ ಹೋಗಿ ಬರುವಳು. ಸಾಲವು ತೀರುವುದು, ಏನನ್ನು ತೆತ್ತು ತೀರಿತೆಂಬುದು ತಂದೆಗೆ ತಿಳಿಯದು. ಕಿರಿಯವನು ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವ ಕೈ ಮುಂದೆ ಬಾರದು. ಕೊನೆಗೆ ಚೋಮನು ಎತ್ತುಗಳನ್ನು ಬಿಟ್ಟು, ಗುಡಿಸಲ ಬಾಗಿಲನ್ನು ಮುಚ್ಚಿಕೊಂಡು, ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುವನು.

ಈ ದುರಂತಕ್ಕೆ ಕಾರಣವೇನು? ತರ್ಕಶಾಸ್ತ್ರವನ್ನು ಓದುವ ಎಳೆಯ ವಿದ್ಯಾರ್ಥಿಗೂ ಗುರುಗಳು ಮೊದಲಿಗೆ ಹೇಳಿಕೊಡುವ ಒಂದು ವಿವೇಕವುಂಟು. ಕಾರ್ಯಕ್ಕೆ ಮೊದಲು ಇದ್ದುದೆಲ್ಲವೂ ಕಾರಣವಾಗುವುದಿಲ್ಲ. ಕಾರಣಗಳಾದವೂ ಎಲ್ಲವೂ ಒಂದೇ ಬಗೆಯವಲ್ಲ. ಬಟ್ಟೆಗೆ ನೂಲು ಸಮವಾಯಿಕಾರಣ. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ಮಗ್ಗ, ನೇಕಾರ ಮೊದಲಾದವು ನಿಮಿತ್ತಕಾರಣ. ಕುಂಬಾರನ ಮನೆಗೆ ಮಣ್ಣನ್ನು ಹೊತ್ತು ತಂದ ಕತ್ತೆಯು ಮಡಕೆಗಿಂತ ಮೊದಲೇ ಅಲ್ಲಿದ್ದರೂ ಮಡಕೆಗೆ ಅದು ಕಾರಣವಲ್ಲ. ಅದನ್ನು ಅನ್ಯಥಾಸಿದ್ಧವೆಂದು ಬಿಟ್ಟುಬಿಡುವರು. ಸಮಾಜದ ಅಸಮತೆಯ ವಿಚಾರದಲ್ಲಿ ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಈ ವಿವೇಕವಿಲ್ಲದುದರಿಂದಲೇ ಹುಟ್ಟುವುವು. ಕತ್ತೆಯನ್ನು ಕಾರಣವೆನ್ನುವವರು ಕೆಲವರು. ನೇಕಾರನನ್ನು ಬೈದು ನೂಲನ್ನು ಮರೆಯುವವರು ಮತ್ತೆ ಕೆಲವರು. ‘ಚೋಮನ ದುಡಿ’ಯ ಹಿರಿಮೆಯಿರುವುದು ಇವೆಲ್ಲವನ್ನೂ ಕಥೆಯೊಳಗೆ ತಂದು, ಪ್ರತಿಯೊಂದನ್ನೂ ಅದರದರ ಸ್ಥಾನದಲ್ಲಿ ಇಟ್ಟಿರುವುದರಲ್ಲಿ.

ಮೊದಲು ಆ ಕತ್ತೆಯ ಮಾತು. ಚೋಮನು ಕಳ್ಳು ಕುಡಿಯುತ್ತಾನೆ. ಕುಡಿಯದಿದ್ದರೆ ಸಾಲವಾಗುತ್ತಿರಲಿಲ್ಲ, ಸಾಲವಾಗದಿದ್ದರೆ ಮಕ್ಕಳು ಘಟ್ಟ ಹತ್ತುತ್ತಿರಲಿಲ್ಲ ಎಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಬಡವನ ಬಡತನಕ್ಕೆ ಅವನ ದುರ್ಗುಣವೇ ಮೂಲವೆಂಬ ಈ ವಾದವು ಉಳ್ಳವರ ಮನಸ್ಸಿಗೆ ಬಹು ಹಿತವಾದುದು. ಕಾರಂತರು ಚೋಮನ ಕುಡಿತವನ್ನು ಮರೆಮಾಚುವುದಿಲ್ಲ. ಅದನ್ನು ಸಮರ್ಥಿಸುವುದೂ ಇಲ್ಲ. ಆದರೆ ಕಥೆಯನ್ನು ತೂಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಚೋಮನು ಒಂದು ಹನಿ ಕಳ್ಳನ್ನೂ ಮುಟ್ಟದ ವ್ರತಸ್ಥನಾಗಿದ್ದರೂ ಅವನಿಗೆ ಗದ್ದೆ ಸಿಕ್ಕುತ್ತಿರಲಿಲ್ಲ. ಅವನ ಬೇಡಿಕೆಯನ್ನು ನಿರಾಕರಿಸುವಾಗ ಅವನ ಹುಟ್ಟನ್ನು ಮುಂದೆ ಮಾಡುವರಲ್ಲದೆ ಅವನ ನಡತೆಯನ್ನಲ್ಲ. ದುರ್ಗುಣವು ಹೋದರೂ ಕಾರ್ಯವು ಹೋಗದಿದ್ದಲ್ಲಿ ಆ ದುರ್ಗುಣವನ್ನು ಕಾರಣವೆನ್ನುವುದು ಹೇಗೆ?

ಇನ್ನು ನಿಮಿತ್ತಕಾರಣಗಳು. ಸಾಧಾರಣ ಲೇಖಕನ ಕೈಯಲ್ಲಿ ಸಂಕಪ್ಪಯ್ಯನು ರಾಕ್ಷಸನಾಗಿಬಿಡುತ್ತಿದ್ದನು. ಕಾರಂತರು ಹಾಗೆ ಮಾಡಲಿಲ್ಲ. ಅವನು ತಕ್ಕಮಟ್ಟಿಗೆ ಮೆದು ಮನಸ್ಸಿನ ಧಣಿ. ಚೋಮನ ಮಾತು ಅವನ ಮನಸ್ಸಿನಲ್ಲಿ ಸ್ವಲ್ಪ ನಾಟುವುದೂ ಉಂಟು. ಅವನ ವೃದ್ಧಮಾತೆಯು ಅಡ್ಡ ಬರುವಳು. ಅವಳಾದರೂ ಕ್ರೂರಿಯಲ್ಲ, ತನ್ನ ಹಿರಿಯರು ನಡೆದ ದಾರಿಯನ್ನು ಬಿಡಬಾರದೆಂದು ನಂಬಿರುವ ಮುದುಕಿ. ಹೀಗೆ ಒಬ್ಬ ಕನಿಕರವುಳ್ಳ ಮಗ, ಒಬ್ಬ ಸಂಪ್ರದಾಯಸ್ಥಳಾದ ತಾಯಿ, ಇವರಿಬ್ಬರ ನಡುವೆ ಚೋಮನ ಆಸೆಯು ಯಾವ ಆರ್ಭಟವೂ ಇಲ್ಲದೆ ನಾಶವಾಗುವುದು. ಇದು ಕಾದಂಬರಿಯಲ್ಲಿ ಅತ್ಯಂತ ಭಯಂಕರವಾದ ಸ್ಥಳ. ಕೆಟ್ಟವರಿಂದ ಆದ ಕೇಡನ್ನು ಕೆಟ್ಟವರನ್ನು ತೆಗೆದುಹಾಕಿ ಸರಿಪಡಿಸಬಹುದು. ಸಜ್ಜನರ ಮನೆಯ ಜಗಲಿಯ ಮೇಲೆ, ಎಲೆಯಡಿಕೆಯ ತಟ್ಟೆಯ ಮುಂದೆ, ಯಾರೂ ದನಿ ಏರಿಸದೆ ಆಗುವ ಅನ್ಯಾಯವನ್ನು ಸರಿಪಡಿಸುವುದು ಹೇಗೆ? ತೋಟದ ಗುಮಾಸ್ತ ಮನ್ವೇಲನು ನಿಜವಾಗಿಯೂ ದುಷ್ಟನೇ. ಆದರೆ ಅವನನ್ನು ಕಥೆಯಿಂದ ತೆಗೆದರೆ ಅವನ ಪೀಠದಲ್ಲಿ ಇನ್ನೊಬ್ಬನು ಕುಳಿತುಕೊಳ್ಳುವನು. ಮಗ್ಗವು ಇರುವವರೆಗೆ ನೇಕಾರನಿಗೆ ಬರವಿಲ್ಲ.

ಹಾಗಾದರೆ ನೂಲು ಯಾವುದು? ನೆಲ. ಕಾರಂತರು ಕಥೆಯನ್ನು ಇಟ್ಟಿರುವ ದಕ್ಷಿಣ ಕನ್ನಡದ ಭೂವ್ಯವಸ್ಥೆಯನ್ನು ಅರಿಯದೆ ಚೋಮನ ಆಸೆಯ ತೂಕವು ತಿಳಿಯದು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರನು ಮೇಲೆ. ಅವನ ಕೆಳಗೆ ನಿಶ್ಚಿತವಾದ ಗೇಣಿಯನ್ನು ಕೊಟ್ಟು ವಂಶಪಾರಂಪರ್ಯವಾಗಿ ಅನುಭವಿಸುವ ಮೂಲಗೇಣಿದಾರ. ಅವನಿಗೂ ಕೆಳಗೆ ಧಣಿಯ ಇಷ್ಟವಿರುವಷ್ಟು ಕಾಲ ಮಾತ್ರ ಉಳುವ ಚಾಲಗೇಣಿಯ ಒಕ್ಕಲು. ಚಾಲಗೇಣಿಯವನ ಬದುಕೂ ನಿಶ್ಚಿಂತವಲ್ಲ. ಅಕ್ಕಿಮುಡಿಗಳನ್ನು ಅಳೆದು ಕೊಟ್ಟ ಮೇಲೆ ಅವನ ಕಣಜದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆದರೂ ಅವನು ಬೇಸಾಯಗಾರ. ಈ ಮೆಟ್ಟಿಲುಗಳೆಲ್ಲ ಮುಗಿದ ಮೇಲೆ ಬರುವವನು ಮೂಲದಾಳು. ಗದ್ದೆಯಲ್ಲಿ ಕೆಸರು ತುಳಿಯುವವನು ಅವನೇ, ನೇಜಿ ನೆಡುವವಳು ಅವನ ಹೆಂಗಸೇ. ಆದರೆ ಗೇಣಿಯ ಏಣಿಯಲ್ಲಿ ಅವನಿಗೆ ಒಂದು ಮೆಟ್ಟಿಲೂ ಇಲ್ಲ. ಚೋಮನು ಬಯಸಿದುದು ಧಣಿಯಾಗುವುದನ್ನಲ್ಲ. ಆ ಏಣಿಯ ಕಟ್ಟಕಡೆಯ ಮೆಟ್ಟಿಲಿನ ಮೇಲೆ ಒಂದು ಕಾಲಿಡುವುದನ್ನು. ಅಷ್ಟು ಸಣ್ಣ ಬೇಡಿಕೆಯು ಅಷ್ಟು ದೊಡ್ಡ ಅಪರಾಧವಾಗಿ ಕಂಡುದೇ ಆ ಸಮಾಜದ ಗುಟ್ಟನ್ನು ಹೊರಗೆಡಹುತ್ತದೆ.

ನೂಲಿದ್ದರೆ ಸಾಲದು, ನೂಲುಗಳು ಒಂದಕ್ಕೊಂದು ಹೆಣೆದುಕೊಳ್ಳಬೇಕು. ಈ ಹೆಣಿಗೆಯನ್ನು ಮಾಡುವುವು ಎರಡು: ಆಚಾರ ಮತ್ತು ಸಾಲ. ಆಚಾರವು ನೆಲವನ್ನು ಹುಟ್ಟಿಗೆ ಕಟ್ಟುತ್ತದೆ. ಸಾಲವು ಹುಟ್ಟನ್ನು ದುಡಿಮೆಗೆ ಕಟ್ಟುತ್ತದೆ. 1843ರ ಕಾನೂನಿನಿಂದಲೇ ಗುಲಾಮಗಿರಿಗೆ ನ್ಯಾಯಾಲಯಗಳ ಮನ್ನಣೆಯು ತಪ್ಪಿತ್ತು. ಚೋಮನ ಕಥೆಯು ಪ್ರಕಟವಾಗುವ ವೇಳೆಗೆ ಆ ಕಾನೂನಿಗೆ ತೊಂಬತ್ತು ವರ್ಷ. ಕಾಗದದ ಮೇಲೆ ಚೋಮನು ಸ್ವತಂತ್ರ; ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಹೋಗುವುದಾದರೂ ಎಲ್ಲಿಗೆ? ಇಲ್ಲಿಯೇ ಕಾರಂತರು ಕಾಫಿತೋಟವನ್ನು ಕಥೆಗೆ ತರುವರು. ಇದು ಅವರ ದೃಷ್ಟಿಯ ಸೂಕ್ಷ್ಮತೆಗೆ ಸಾಕ್ಷಿ. ತೋಟವು ಹೊಸ ಕಾಲದ ಸಂಸ್ಥೆ. ಅಲ್ಲಿ ಲೆಕ್ಕಪುಸ್ತಕವುಂಟು, ದಿನಗೂಲಿಯುಂಟು, ಕರಾರುಂಟು. ಅಲ್ಲಿ ಕೂಲಿಯವನನ್ನು ಬರಮಾಡಿಕೊಳ್ಳುವುದು ರಟ್ಟೆಯ ಬಲ, ಹುಟ್ಟಲ್ಲ. ಹಳೆಯ ಕಟ್ಟು ಸಡಿಲಿ ಹೊಸ ಯುಗವು ಬಂತೆಂದು ಎಣಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲ. ಆದರೆ ಮುಂಗಡವಾಗಿ ಕೊಟ್ಟ ಸಾಲವು ಅಲ್ಲಿ ಆಚಾರದ ಕೆಲಸವನ್ನೇ ಮಾಡುವುದು. ಬಡ್ಡಿಯನ್ನು ಬರೆಯುವವನು ತೋಟದವನು. ಓದಲು ಬಾರದವನು ಕೂಲಿಯವನು. ಊರಿನಲ್ಲಿ ಧಣಿಗೆ ಕಟ್ಟುಬಿದ್ದಿದ್ದವನು ಘಟ್ಟದಲ್ಲಿ ಲೆಕ್ಕಪುಸ್ತಕಕ್ಕೆ ಕಟ್ಟುಬೀಳುವನು. ಆಧುನಿಕತೆಯು ಬಂದೊಡನೆ ಅಸಮತೆಯು ತಾನಾಗಿಯೇ ಕರಗುವುದೆಂಬ ನಂಬಿಕೆಯನ್ನು ಈ ಕಾದಂಬರಿಯು 1933ರಲ್ಲಿಯೇ ಪರೀಕ್ಷಿಸಿ, ಅದು ಸುಳ್ಳೆಂದು ತೋರಿಸಿದೆ.

ಈ ಲೆಕ್ಕಪುಸ್ತಕದ ಕೊನೆಯ ಪುಟವನ್ನು ಮುಚ್ಚಿದವಳು ಬೆಳ್ಳಿ. ಗಂಡುಮಕ್ಕಳ ರಟ್ಟೆಯಿಂದ ತೀರದ ಸಾಲವು ಅವಳ ಮಾನದಿಂದ ತೀರುತ್ತದೆ. ಕೆಳಗಿರುವವರೊಳಗೂ ಕೆಳಗಿರುವವಳು ಹೆಂಗಸು ಎಂಬ ಮಾತನ್ನು ಕಾರಂತರು ವ್ಯಾಖ್ಯಾನವಾಗಿ ಹೇಳುವುದಿಲ್ಲ, ಘಟನೆಯಾಗಿ ಇಡುತ್ತಾರೆ. ಆದರೆ ಇಲ್ಲಿ ಒಂದು ಆಕ್ಷೇಪಕ್ಕೂ ಅವಕಾಶವುಂಟು. ಚೋಮನ ದುಃಖಕ್ಕೆ ದುಡಿಯುಂಟು. ಬೆಳ್ಳಿಯ ದುಃಖಕ್ಕೆ ಯಾವ ವಾದ್ಯವೂ ಇಲ್ಲ. ನಿಜವು ಹೊರಬಿದ್ದಾಗ ಚೋಮನ ಕೋಪವು ಬೀಳುವುದು ಸಾಲವನ್ನು ತೀರಿಸಿಕೊಟ್ಟ ಮಗಳ ಮೇಲೆಯೇ. ವಾಚಕನ ಕಣ್ಣೀರೆಲ್ಲ ತಂದೆಯ ಕಡೆಗೆ ಹರಿಯುವಂತೆ ಕಥೆಯ ಕಟ್ಟಡವಿರುವುದರಿಂದ, ಮಗಳು ಹೊತ್ತ ಹೊರೆಯು ಮರೆಗೆ ಸರಿಯುತ್ತದೆ. ಗ್ರಂಥದ ಹೆಸರಿನಲ್ಲಿರುವುದು ಚೋಮ. ಗ್ರಂಥದ ಬೆಲೆಯನ್ನು ತೆತ್ತವಳು ಬೆಳ್ಳಿ.

ಮತಾಂತರದ ಸನ್ನಿವೇಶವನ್ನೂ ಇದೇ ದೃಷ್ಟಿಯಿಂದ ನೋಡತಕ್ಕದ್ದು. ಕ್ರೈಸ್ತನಾದರೆ ಭೂಮಿ ದೊರೆಯಬಹುದೆಂಬ ಆಸೆ ಚೋಮನನ್ನು ಇಗರ್ಜಿಯ ದಾರಿಗೆ ಎಳೆಯುವುದು. ಮನೆದೈವವಾದ ಪಂಜುರ್ಲಿಯ ನೆನಪು ಹಿಂದಕ್ಕೆ ತಿರುಗಿಸುವುದು. ಇದನ್ನು ಓದಿ ಸ್ವಧರ್ಮನಿಷ್ಠೆಯ ಜಯವೆಂದು ಹಿಗ್ಗುವವರುಂಟು. ಮೂಢನಂಬಿಕೆಯ ಸೋಲೆಂದು ಮರುಗುವವರೂ ಉಂಟು. ಎರಡೂ ಅವಸರದ ತೀರ್ಪುಗಳು. ತನ್ನ ನಾಡಿನಲ್ಲಿ, ತನ್ನ ದೈವದ ಎದುರಿನಲ್ಲಿ, ತಾನು ತಾನಾಗಿದ್ದುಕೊಂಡೇ ಒಂದು ತುಂಡು ನೆಲವನ್ನು ಉಳುವ ಹಕ್ಕು ಅವನಿಗೆ ಬೇಕಾಗಿತ್ತು. ತಾನಲ್ಲದವನಾದರೆ ಮಾತ್ರ ನೆಲವು ಸಿಕ್ಕುವುದೆಂಬ ನಿಬಂಧನೆಯಲ್ಲಿಯೇ ಅಸಮತೆಯ ಕ್ರೌರ್ಯವಿದೆ. ಜಿಲ್ಲೆಯ ಇತಿಹಾಸದಲ್ಲಿ ಬೇರೆ ಬಾಗಿಲುಗಳೂ ತೆರೆದಿದ್ದುವು ಎಂಬುದನ್ನು ಮರೆಯಬಾರದು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸ್ವಜನರ ಬಹಿಷ್ಕಾರವನ್ನೂ ಸಹಿಸಿಕೊಂಡು ಅಸ್ಪೃಶ್ಯರ ಮಕ್ಕಳಿಗೆ ಶಾಲೆಗಳನ್ನು ನಡೆಸಿದರು. ಅಕ್ಷರದ ಬಾಗಿಲು ಹೀಗೆ ತೆರೆಯುತ್ತಿದ್ದಾಗಲೂ ನೆಲದ ಬಾಗಿಲು ಮಾತ್ರ ಮುಚ್ಚಿಯೇ ಇದ್ದಿತು. ಭೋಗನಹಳ್ಳಿಯ ಕಾಡಿನ ಗುಡಿಸಲಿಗಂತೂ ಅಕ್ಷರವೂ ತಲುಪಲಿಲ್ಲ.

ಈ ಗ್ರಂಥದ ಮೇಲೆ ಮುಂದಿನ ತಲೆಮಾರಿನವರು ತಂದ ಮುಖ್ಯ ಆಪಾದನೆಯೊಂದುಂಟು. ಚೋಮನು ಪ್ರತಿಭಟಿಸುವುದಿಲ್ಲ, ಬಾಗಿಲು ಮುಚ್ಚಿಕೊಂಡು ಸಾಯುತ್ತಾನೆ, ಹೊರಗಿನಿಂದ ನೋಡಿದ ಲೇಖಕನ ಅನುಕಂಪಕ್ಕೆ ಕಂಡ ಚೋಮನೇ ಹೊರತು, ಚೋಮನಿಗೆ ಕಂಡ ಚೋಮನಲ್ಲ ಎಂಬುದು ಅದರ ಸಾರ. ಈ ಮಾತಿನಲ್ಲಿ ಸತ್ಯಾಂಶವಿದೆ. ಶ್ರೀ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ, ಶ್ರೀ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ, ಚೋಮನ ಕೇರಿಯು ತನ್ನ ಮಾತನ್ನು ತಾನೇ ಆಡತೊಡಗಿತು. ಒಂದರಲ್ಲಿ ಕೋಪವು ನೇರವಾದ ಮಾತಾಯಿತು. ಇನ್ನೊಂದರಲ್ಲಿ ಆ ಜನರ ನುಡಿಯೇ ಕಥೆಯ ಶರೀರವಾಯಿತು. ದುಡಿಯ ನಾದಕ್ಕೆ ಆಗ ಅರ್ಥವು ಕೂಡಿತೆನ್ನಬಹುದು. ಕಾರಂತರಿಂದ ಇದು ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆದರೆ ನೋವನ್ನು ಒಳಗಿನಿಂದ ನುಡಿಯುವುದು ಒಂದು ಕೆಲಸ. ನೋವಿನ ಯಂತ್ರವನ್ನು ಬಿಚ್ಚಿ ತೋರಿಸುವುದು ಇನ್ನೊಂದು ಕೆಲಸ. ಎರಡನೆಯದನ್ನು ಕಾರಂತರು ಯಾವ ಭಾವುಕತೆಗೂ ಎಡೆಗೊಡದೆ ಮಾಡಿದ್ದಾರೆ. ಮೇಲಾಗಿ ಆ ಯಂತ್ರವು ಸವರ್ಣರ ಮನೆಯೊಳಗೆ ಹೇಗೆ ತಿರುಗುತ್ತದೆಂಬುದನ್ನು ಆ ಮನೆಯೊಳಗಿಂದ ಬಂದವನಷ್ಟು ಚೆನ್ನಾಗಿ ಬಲ್ಲವರು ಯಾರು?

ಕಾದಂಬರಿಯಲ್ಲಿ ದೋಷವಿಲ್ಲವೆಂದಲ್ಲ. ಅಷ್ಟು ಚಿಕ್ಕ ಗ್ರಂಥದಲ್ಲಿ ಅಷ್ಟೊಂದು ಮರಣಗಳು ಒಂದರ ಮೇಲೊಂದಾಗಿ ಬರುವುದು ಅತಿಯೆನ್ನಿಸುತ್ತದೆ. ಜ್ವರದಿಂದ ಬಂದ ಸಾವು ವಿಧಿಯ ಆಟವೆಂದು ಎಣಿಸುವ ಅವಕಾಶವನ್ನು ವಾಚಕನಿಗೆ ಕೊಡುವುದು. ಆಗ ಕಾರಣದ ಎಳೆಯು ಕೈತಪ್ಪುವುದು. ನೀರಿನಲ್ಲಿ ಮುಳುಗುವ ಬಾಲಕನ ಪ್ರಸಂಗವಾದರೋ ಹಾಗಲ್ಲ. ಅಲ್ಲಿ ನೀರು ಕೊಲ್ಲುವುದಕ್ಕಿಂತ ಮೊದಲು ಮೈಲಿಗೆಯು ಕೊಲ್ಲುತ್ತದೆ. ಅದೊಂದೇ ಮರಣವು ಉಳಿದೆಲ್ಲ ಮರಣಗಳಿಗಿಂತ ಹೆಚ್ಚು ಹೇಳುತ್ತದೆ.

ಗ್ರಂಥವು ಕೊಟ್ಟ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸುವುದಕ್ಕೆ ಕಾಲವೇ ಒಂದು ಸಾಧನವನ್ನು ಒದಗಿಸಿದೆ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು 1950ರಲ್ಲಿ ನಿಷೇಧಿಸಿತು. ಭೂಸುಧಾರಣೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಗಿ, ಉಳುವ ಗೇಣಿದಾರನು ಅರ್ಜಿ ಹಾಕಿ ನೆಲದ ಒಡೆಯನಾಗಲು ಅವಕಾಶವಾಯಿತು. ದಕ್ಷಿಣ ಕನ್ನಡದಲ್ಲಿ ಈ ಕಾನೂನು ನಿಜವಾಗಿಯೂ ನಡೆಯಿತು. ತಲೆಮಾರುಗಳಿಂದ ಮುಡಿ ಅಳೆದು ಕೊಟ್ಟ ಒಕ್ಕಲು ಮನೆಗಳು ತಲೆಯೆತ್ತಿ ನಿಂತುವು. ಈ ಮಹತ್ಕಾರ್ಯವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಚೋಮನು ಆ ದಿನ ಬದುಕಿದ್ದು ನ್ಯಾಯಮಂಡಳಿಯ ಮುಂದೆ ನಿಂತಿದ್ದರೆ ಅವನಿಗೆ ಏನು ದೊರೆಯುತ್ತಿತ್ತು? ಗೇಣಿಚೀಟಿ ಎಲ್ಲಿ ಎಂದು ಕೇಳುತ್ತಿದ್ದರು. ಅವನು ಗೇಣಿದಾರನಾಗಲೇ ಇಲ್ಲ. ಗೇಣಿದಾರನಾಗಬೇಕೆಂದೇ ಅವನು ಸತ್ತನು. ಗುಡಿಸಲು ನಿಂತ ನಿವೇಶನದ ಹಕ್ಕನ್ನು ಕೃಷಿಕೂಲಿಗೆ ಕೊಡುವ ವಿಧಿಯು ಆ ಕಾನೂನಿನಲ್ಲಿತ್ತು. ಅವನ ಗುಡಿಸಲು ಅವನದಾಗುತ್ತಿತ್ತು, ಗದ್ದೆಯು ಆಗುತ್ತಿರಲಿಲ್ಲ. ಏಣಿಯ ಮೆಟ್ಟಿಲ ಮೇಲಿದ್ದವರು ಒಂದೊಂದು ಮೆಟ್ಟಿಲು ಏರಿದರು. ನೆಲದ ಮೇಲೆ ನಿಂತಿದ್ದವನು ನೆಲದ ಮೇಲೆಯೇ ಉಳಿದನು.

ಚಲನಚಿತ್ರವು ಬಂದ 1975ರಲ್ಲಿಯೇ ಜೀತವನ್ನು ರದ್ದುಮಾಡುವ ಅಧ್ಯಾದೇಶವು ಹೊರಟು, 1976ರಲ್ಲಿ ಕಾನೂನಾಯಿತು. ಸಾಲದ ಹೆಣಿಗೆಯನ್ನು ಕತ್ತರಿಸುವ ಪ್ರಯತ್ನವದು. ಪರಿಶಿಷ್ಟರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯು ಪರರ ಪಾಲಾಗದಂತೆ ತಡೆಯಲು 1978ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಕೊಟ್ಟ ನೆಲವೂ ಕೈಯಲ್ಲಿ ನಿಲ್ಲದೆ ಜಾರುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2020ರಲ್ಲಿ ಭೂಸುಧಾರಣೆಯ ಕಾನೂನಿಗೆ ಮತ್ತೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ದಾರಿ ತೆರೆಯಿತು. ಚೋಮನ ಕಾಲದಲ್ಲಿ ನೆಲದ ಬಾಗಿಲಿಗೆ ಹುಟ್ಟಿನ ಬೀಗವಿದ್ದಿತು. ಈಗ ಅಲ್ಲಿ ಹಣದ ಬೀಗವಿದೆ. ಹಣದ ಬೀಗಕ್ಕೆ ಯಾವ ಜಾತಿಯವನ ಕೀಲಿಕೈಯಾದರೂ ಸರಿಯೆಂಬುದು ನಿಜ. ಆದರೆ ಕೀಲಿಕೈಯನ್ನು ಮಾಡಿಸಿಕೊಳ್ಳುವ ಶಕ್ತಿಯು ಯಾರಿಗೆ ಬಂದಿದೆ ಎಂದು ಕೇಳಿದರೆ, ಅಜ್ಜನಿಗೆ ಗದ್ದೆಯಿದ್ದವನ ಮೊಮ್ಮಗನೇ ಬಹುಮಟ್ಟಿಗೆ ಉತ್ತರವಾಗಿ ಬಂದು ನಿಲ್ಲುವನು. ಗದ್ದೆಯು ಶಾಲೆಯ ಶುಲ್ಕವಾಯಿತು, ಶಾಲೆಯು ನೌಕರಿಯಾಯಿತು, ನೌಕರಿಯು ಪಟ್ಟಣದ ಮನೆಯಾಯಿತು. ಅಸಮತೆಯು ಒಂದು ತಲೆಮಾರಿನ ತಪ್ಪಲ್ಲ. ಒಂದು ತಲೆಮಾರಿಗೆ ಕೊಡದೆ ಇದ್ದುದು ಮುಂದಿನ ತಲೆಮಾರಿಗೆ ಬಡ್ಡಿಸಹಿತ ಇಲ್ಲವಾಗುವುದೇ ಅದರ ಸ್ವಭಾವ.

ಜಿಲ್ಲೆಯ ಓದುಬರಹ ಬಲ್ಲ ಮನೆಗಳಲ್ಲಿ 1974ರ ನೆನಪು ಇಂದಿಗೂ ಮಾಸಿಲ್ಲ. ಕೆಲವು ಮನೆಗಳಲ್ಲಿ ಅದು ಗೇಣಿ ಕಳೆದುಕೊಂಡ ವ್ಯಥೆ. ಮತ್ತೆ ಕೆಲವು ಮನೆಗಳಲ್ಲಿ ಭೂಮಿ ಪಡೆದ ಅಭಿಮಾನ. ಎರಡೂ ಬಗೆಯ ಮನೆಗಳ ಕಪಾಟಿನಲ್ಲಿ ‘ಚೋಮನ ದುಡಿ’ಯುಂಟು, ಎರಡೂ ಬಗೆಯ ಮನೆಗಳಲ್ಲಿ ಅದನ್ನೋದಿ ಕಣ್ಣೊರೆಸಿಕೊಂಡವರುಂಟು. ಗೇಣಿಯ ವ್ಯಾಜ್ಯದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಈ ಮನೆಗಳು ಐವತ್ತು ವರ್ಷಗಳಿಂದ ಮಾತಾಡಿಕೊಳ್ಳುತ್ತಿವೆ. ಆ ಎರಡು ಪಟ್ಟಿಗಳಲ್ಲಿಯೂ ಚೋಮನ ಹೆಸರಿಲ್ಲವೆಂಬುದು ಮಾತಿಗೆ ಬರುವುದು ಅಪರೂಪ. ಕಾದಂಬರಿಯು ಸಂಕಪ್ಪಯ್ಯನನ್ನು ಸಜ್ಜನನಾಗಿ ಚಿತ್ರಿಸಿರುವುದರ ಪ್ರಯೋಜನವು ಇಲ್ಲಿಯೇ ಇದೆ. ರಾಕ್ಷಸನ ಕಥೆಯನ್ನು ಓದಿದವನು ತಾನು ರಾಕ್ಷಸನಲ್ಲವೆಂದು ನೆಮ್ಮದಿಯಿಂದ ಪುಸ್ತಕವನ್ನು ಮುಚ್ಚಬಹುದು. ಸಂಕಪ್ಪಯ್ಯನ ಜಗಲಿಯ ಕಥೆಯನ್ನು ಓದಿದವನಿಗೆ ಆ ನೆಮ್ಮದಿಯಿಲ್ಲ. ಅವನು ತನ್ನ ಮನೆಯ ಜಗಲಿಯನ್ನು ಒಮ್ಮೆ ತಿರುಗಿ ನೋಡಬೇಕಾಗುವುದು.